ಅಮ್ಮನ ಕೈಯ ಒಳದಾರಿ

ಶಂಕರಪುರ, ಭಾನುವಾರ

ಪ್ರೀತಿಯ ಮಗಳೇ,

ಶವದ ಮುಂಗೈ ಡಿಸೆಕ್ಷನ್ ಮಾಡುವಾಗ ಹೆಬ್ಬೆರಳ ಕಡೆಗೆ ಹೋಗುವ ಮೀಡಿಯನ್ ನರದಿಂದ ಕಿರುಬೆರಳ ಕಡೆಗೆ ಹೋಗುವ ಅಲ್ನಾರ್ ನರಕ್ಕೆ ಒಂದು ಎಳೆ ಅಡ್ಡ ಹೋದದ್ದು ಕಂಡಿತು, ಅಟ್ಲಾಸಿನ ಚಿತ್ರದಲ್ಲಿ ಅದಿಲ್ಲ, ನಾನೇ ಏನೋ ಹರಿದೆನಾ ಅಂತ ನಿನ್ನೆ ಫೋನಿನಲ್ಲಿ ಅಳುವವಳ ಹಾಗೆ ಕೇಳಿದೆಯಲ್ಲ. ಎಂತದೂ ಹರಿದಿಲ್ಲ ಮಾರಾಯ್ತಿ. ಅದು ಮಾರ್ಟಿನ್-ಗ್ರೂಬರ್ ಜೋಡಣೆ. ಸ್ವೀಡನ್ನಿನ ಮಾರ್ಟಿನ್ 1763ರಲ್ಲೇ ಹೇಳಿದ್ದ, ಗ್ರೂಬರ್ 1870ರಲ್ಲಿ ಬರೆದ. 100 ಕೈ ನೋಡಿದರೆ ಸುಮಾರು 15-20ರಲ್ಲಿ ಸಿಗುತ್ತದೆ. ಆ ಎಳೆಗೆ ಒಂದು ನೂಲು ಕಟ್ಟಿ ಮೇಡಮ್ಮಿಗೆ ತೋರಿಸು, ಇನ್ನೊಂದು ಕೈಯನ್ನೂ ಬಿಡಿಸಿ ನೋಡು.

ನಾನು ಆಸ್ಪತ್ರೆಯಲ್ಲಿ ನರದ ಟೆಸ್ಟ್ ಮಾಡುವವ, ಸ್ಕಾಲ್ಪೆಲ್ ಹಿಡಿದವನಲ್ಲ. ನಿನ್ನ ಕಣ್ಣಿಗೆ ಬಿದ್ದದ್ದು ನನಗೆ ಪರದೆಯ ಮೇಲಿನ ಅಲೆ. ನಿನಗೆ ಹೇಳಿರಲಿಲ್ಲ, ಅಮ್ಮನ ಕೈಯಲ್ಲೂ ಅದಿದೆ.

ಹೋದ ಬೇಸಿಗೆ, ಮಲ್ಲಿಗೆ ಮೈತುಂಬ ಬಿಟ್ಟ ಸಮಯ. ಚೆಂಡಿಗೆ 800 ಹೂವಿನಂತೆ ಬಾಳೆನಾರಿನಲ್ಲಿ ಕಟ್ಟಿ ಕಟ್ಟಿ ಅವಳ ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿಯುತ್ತಿತ್ತು. ಎದ್ದು ಕೈ ಕೊಡವುತ್ತ ಕೂರುವಳು. ಕಿರುಬೆರಳಿಗೆ ಏನೂ ಇಲ್ಲ. ಕರೆದುಕೊಂಡು ಹೋಗಿ ಮೆಷಿನ್ನಿಗೆ ಹಾಕಿದೆ. ಅಂದುಕೊಂಡ ಹಾಗೆ ಮೀಡಿಯನ್ ನರದ ಸಂಕೇತ ಮಣಿಕಟ್ಟಿನಲ್ಲಿ ನಿಧಾನ. ಆದರೆ ಹೆಬ್ಬೆರಳು, ತೋರುಬೆರಳಿನ ನಡುವಿನ ಸ್ನಾಯುವಿನ ಮೇಲೆ ಎಲೆಕ್ಟ್ರೋಡ್ ಇಟ್ಟು ಅಲ್ನಾರ್ ನೋಡಿದರೆ, ಮಣಿಕಟ್ಟಿನಲ್ಲಿ ಕರೆಂಟ್ ಕೊಟ್ಟಾಗ ದೊಡ್ಡ ಅಲೆ, ಮೊಣಕೈಯಲ್ಲಿ ಕೊಟ್ಟಾಗ ಅದರ ಅರ್ಧ. ಕರೆಂಟ್ ಏರಿಸಿದೆ, ಜಾಗ ಬದಲಿಸಿದೆ, "ಹೆಂಡತಿಗೇ ಶಾಕ್ ಕೊಡ್ತೀರಲ್ಲ" ಅಂತ ಬೈಸಿಕೊಂಡೆ. ಅಲೆ ಏಳಲೇ ಇಲ್ಲ.

ಇಷ್ಟು ನೋಡಿದವರು ಮೊಣಕೈ ಹತ್ತಿರ ಅಲ್ನಾರ್ ಕಟ್ಟಿಕೊಂಡಿದೆ ಅಂದುಬಿಡುತ್ತಾರೆ. ಹೊಸದರಲ್ಲಿ ನಾನೂ ಒಬ್ಬರಿಗೆ ಹಾಗೇ ಬರೆದುಕೊಟ್ಟಿದ್ದೆ. ಡಾಕ್ಟರು ಸಂಶಯಪಟ್ಟು ರಿಪೋರ್ಟ್ ವಾಪಸ್ ಕಳಿಸಿದರು, ಇಲ್ಲದಿದ್ದರೆ ಸರಿಯಿದ್ದ ಮೊಣಕೈಗೆ ಚಾಕು ಬೀಳುತ್ತಿತ್ತು. ಆ ನಾಚಿಕೆ ಇವತ್ತಿಗೂ ಇದೆ. ಹಾಗಾಗಿ ಅಮ್ಮನಿಗೆ ಎಲೆಕ್ಟ್ರೋಡ್ ಅಲ್ಲೇ ಬಿಟ್ಟು ಮೀಡಿಯನ್‌ಗೆ ಮೊಣಕೈಯಲ್ಲಿ ಕರೆಂಟ್ ಕೊಟ್ಟೆ, ಉಳಿದರ್ಧ ಅಲೆ ಎದ್ದು ಬಂತು. ಅದೇ ಮೀಡಿಯನ್‌ಗೆ ಮಣಿಕಟ್ಟಿನಲ್ಲಿ ಕೊಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಡುವೆ ಎಲ್ಲೋ ಎಳೆಗಳು ಅಲ್ನಾರಿಗೆ ದಾಟಿವೆ, ನೀನು ಕಂಡ ಹಾಗೆಯೇ.

ಇದು ಮನೆತನದಲ್ಲಿ ಬರುವುದೂ ಉಂಟಂತೆ. ಅಷ್ಟಮಿಗೆ ಬಂದಾಗ ಒಂದು ಗಳಿಗೆ ಆಸ್ಪತ್ರೆಗೆ ಬಾ, ನಿನ್ನ ಎರಡೂ ಕೈ ನೋಡುವ.

ಅಮ್ಮ ಈಗ ರಾತ್ರಿ ಮಣಿಕಟ್ಟಿಗೆ ಪಟ್ಟಿ ಹಾಕಿ ಮಲಗುತ್ತಾಳೆ. ಅರ್ಧ ಹೂವು ನಾನು ಕಟ್ಟುತ್ತೇನೆ. ನಾನು ಕಟ್ಟಿದ್ದನ್ನು ಅವಳು ಬಿಚ್ಚಿ ಮತ್ತೆ ಕಟ್ಟುತ್ತಾಳೆ.

ನಿನ್ನ
ಅಪ್ಪ