ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಪೇಸ್ಟ್ ಮಾಡಲು ಬಿಡಿ: ಇ-ಆಡಳಿತದ ಹೊಣೆ ಹೊತ್ತ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ವಿದ್ಯಾರ್ಥಿವೇತನ, ಜಾತಿ ಪ್ರಮಾಣಪತ್ರ, ನೇಮಕಾತಿ ಎಲ್ಲಕ್ಕೂ ಈಗ ಆನ್‌ಲೈನ್ ಅರ್ಜಿ. ವೆಬ್ ಫಾರಂ ಕಟ್ಟುವುದೇ ನನ್ನ ಕಸುಬು. ಆ ಅರ್ಜಿಗಳ ಬಾಗಿಲಲ್ಲೇ ಜನರನ್ನು ತಡೆಯುವ ಪಾಸ್‌ವರ್ಡ್ ಪೆಟ್ಟಿಗೆಯ ಬಗ್ಗೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಅರ್ಜಿಯ ಕೊನೆಯ ದಿನ ಹತ್ತಿರವಾದಾಗ ತಾಲ್ಲೂಕು ಕೇಂದ್ರದ ಸೈಬರ್ ಸೆಂಟರ್‌ಗೆ ಹೋಗಿ ನೋಡಿ. ನಮ್ಮೂರಿನ ಅಂಗಡಿಯ ಮೇಜಿನ ಮೇಲೆ ಉದ್ದನೆಯ ನೋಟ್‌ಬುಕ್ ಒಂದಿದೆ. ಹೆಸರು, ಮೊಬೈಲ್ ನಂಬರ್, ಅದರ ಮುಂದೆ ಪಾಸ್‌ವರ್ಡ್. ನಾನು ಕಂಡ ಪುಟದಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದೇ ಅಚ್ಚಿನವು: ಅರ್ಜಿದಾರರ ಹೆಸರು, ಮೊದಲಕ್ಷರ ದೊಡ್ಡದು, ಆಮೇಲೆ ಅಟ್ ಚಿಹ್ನೆ, ಕೊನೆಗೆ 123. ಇದರಲ್ಲಿ ಅಂಗಡಿಯವರ ತಪ್ಪಿಲ್ಲ. ದೊಡ್ಡಕ್ಷರ, ಅಂಕಿ, ಚಿಹ್ನೆ ಇರಲೇಬೇಕೆಂದು ಫಾರಂ ಹಟ ಹಿಡಿದರೆ, ಹಿಂದೆ ಸಾಲುಗಟ್ಟಿ ಜನ ಕಾಯುತ್ತಿರುವಾಗ ಯಾರಿಗಾದರೂ ಹೊಳೆಯುವುದು ಅದೇ. ಕದಿಯುವವನೂ ಮೊದಲು ಅದನ್ನೇ ಹಾಕಿ ನೋಡುತ್ತಾನೆ.

ಈ ನಿಯಮ ಜಗತ್ತಿನೆಲ್ಲೆಡೆ ಹಬ್ಬಲು ಮುಖ್ಯ ಕಾರಣ ತಂತ್ರಜ್ಞಾನದ ಮಾನದಂಡಗಳನ್ನು ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 2003ರ ಸುಮಾರಿಗೆ ಸಿದ್ಧಪಡಿಸಿದ ಮಾರ್ಗಸೂಚಿ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ ಆ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ಅದೇ ವರ್ಷ ಸಂಸ್ಥೆಯೂ ನಿಲುವು ಬದಲಿಸಿತು. ಅಕ್ಷರ, ಅಂಕಿಗಳ ಬೆರಕೆಯನ್ನು ಹೇರಬೇಡಿ. ಸೋರಿಕೆಯ ಸುಳಿವಿಲ್ಲದೆ ಆಗಾಗ ಬದಲಿಸಲು ಹೇಳಬೇಡಿ. ಕನಿಷ್ಠ 64 ಅಕ್ಷರಗಳವರೆಗೆ ಬರೆಯಲು ಬಿಡಿ. ಈಗಾಗಲೇ ಸೋರಿಹೋದ ಪಾಸ್‌ವರ್ಡ್‌ಗಳ ಪಟ್ಟಿಗೆ ತಾಳೆ ನೋಡಿ, ಸಿಕ್ಕಿದ್ದನ್ನು ತಿರಸ್ಕರಿಸಿ ಎಂದಿತು. ನಮ್ಮ ಎಷ್ಟೋ ಫಾರಂಗಳು ಇನ್ನೂ ಹಳೆಯದನ್ನೇ ಹಿಡಿದು ಕೂತಿವೆ.

ನನಗೆ ಎಲ್ಲಕ್ಕಿಂತ ಬೇಸರ ತರುವುದು ಪೇಸ್ಟ್ ತಡೆಯುವ ಪದ್ಧತಿ, ಅಂದರೆ ಬೇರೆಡೆಯಿಂದ ನಕಲಿಸಿದ ಪಾಸ್‌ವರ್ಡ್ ಅನ್ನು ಪೆಟ್ಟಿಗೆಯಲ್ಲಿ ಅಂಟಿಸಲು ಬಿಡದಿರುವುದು. ಕೇಳಿದರೆ "ಸೆಕ್ಯುರಿಟಿ ಆಡಿಟ್‌ನವರು ಹೇಳಿದ್ದಾರೆ" ಎಂಬ ಉತ್ತರ ಬರುತ್ತದೆ. ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಂಡು ಬೇಕಾದಾಗ ತುಂಬಿಕೊಡುವ ತಂತ್ರಾಂಶ, ಅಂದರೆ ಪಾಸ್‌ವರ್ಡ್ ಮ್ಯಾನೇಜರ್ ಬಳಸುವವರು ಉದ್ದನೆಯ, ಊಹೆಗೆ ನಿಲುಕದ ಪಾಸ್‌ವರ್ಡ್ ಇಟ್ಟುಕೊಳ್ಳುತ್ತಾರೆ. ಅದನ್ನು ಒಂದೊಂದೇ ಅಕ್ಷರ ಕುಟ್ಟಬೇಕೆಂದರೆ ಚಿಕ್ಕದಕ್ಕೆ ಇಳಿಯುತ್ತಾರೆ. ಇನ್ನೂ ಒಂದು ವಿಷಯವಿದೆ. ಮ್ಯಾನೇಜರ್ ತಾನಾಗಿ ಪಾಸ್‌ವರ್ಡ್ ತುಂಬುವುದು ಅಸಲಿ ವಿಳಾಸದಲ್ಲಿ ಮಾತ್ರ. ಸರ್ಕಾರದ್ದೇ ಎಂಬಂತೆ ಕಾಣುವ ನಕಲಿ ಜಾಲತಾಣದಲ್ಲಿ ಸುಮ್ಮನಿರುತ್ತದೆ. ಕಣ್ಣು ಮೋಸ ಹೋಗುವ ಕಡೆ ಕಾಯುವ ಆ ಕಾವಲನ್ನು ನಾವೇ ಹೊರಗೆ ಹಾಕುತ್ತಿದ್ದೇವೆ. ಬ್ರಿಟನ್ನಿನ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ 2017ರಲ್ಲೇ ಪೇಸ್ಟ್‌ಗೆ ಅವಕಾಶ ಕೊಡಿ ಎಂದು ಸ್ಪಷ್ಟವಾಗಿ ಹೇಳಿದೆ. ವಿಕಲಚೇತನರಿಗೂ ಜಾಲತಾಣ ಎಟುಕಬೇಕೆಂಬ ಅಂತರರಾಷ್ಟ್ರೀಯ ಮಾನದಂಡದ 2023ರ ಆವೃತ್ತಿ, ಅಂದರೆ ಡಬ್ಲ್ಯೂಸಿಎಜಿ 2.2, ಲಾಗಿನ್ ಆಗಲು ನೆನಪಿನ ಶಕ್ತಿಯನ್ನೇ ನೆಚ್ಚಿಕೊಳ್ಳುವಂತೆ ಮಾಡಬೇಡಿ ಎನ್ನುತ್ತದೆ. ಪೇಸ್ಟ್ ತಡೆದರೆ ಆಗುವುದು ಅದೇ.

ಬರೆದದ್ದನ್ನು ತೋರಿಸುವ ಕಣ್ಣಿನ ಗುಂಡಿಯೂ ಬೇಕು. ಚಿಕ್ಕ ಮೊಬೈಲಿನಲ್ಲಿ ದಪ್ಪ ಬೆರಳಿನಿಂದ ಒತ್ತುವ ರೈತನಿಗೆ ಬರೀ ಚುಕ್ಕಿಗಳು ಕಂಡರೆ ತಪ್ಪಿದ್ದೆಲ್ಲಿ ಎಂದು ಹೇಗೆ ತಿಳಿಯಬೇಕು? ತಪ್ಪಿನ ಸಂದೇಶ ಕನ್ನಡದಲ್ಲಿರಲಿ. ಯಾವ ನಿಯಮಕ್ಕೆ ಹೊಂದಲಿಲ್ಲ ಎಂಬುದನ್ನೂ ಹೇಳಲಿ.

ಪೆಟ್ಟಿಗೆಯ ಹಿಂದಿನ ಕಥೆಯನ್ನೂ ವಿಚಾರಿಸಿ. "ಪಾಸ್‌ವರ್ಡ್ ಮರೆತಿದ್ದೇನೆ" ಎಂದು ಒತ್ತಿದಾಗ ಹಳೆಯ ಪಾಸ್‌ವರ್ಡೇ ಎಸ್ಸೆಮ್ಮೆಸ್‌ನಲ್ಲಿ ಬಂದರೆ, ಅದನ್ನು ಓದಲು ಬರುವಂತೆಯೇ ಇಟ್ಟಿದ್ದಾರೆ ಎಂದರ್ಥ. ಬಿಕ್ರಿಪ್ಟ್, ಆರ್ಗಾನ್2 ತರಹದ ವಿಧಾನಗಳಲ್ಲಿ ಹ್ಯಾಶ್ ಮಾಡಿ, ಅಂದರೆ ಮತ್ತೆ ಮೂಲಕ್ಕೆ ತಿರುಗಿಸಲಾಗದ ರೂಪಕ್ಕೆ ಬದಲಿಸಿ ಇಟ್ಟರೆ ಇಲಾಖೆಯವರಿಗೂ ಅದು ಗೊತ್ತಾಗುವುದಿಲ್ಲ. ಡೇಟಾಬೇಸ್ ಸೋರಿದರೂ ಕಳ್ಳನ ಕೆಲಸ ಕಷ್ಟವಾಗುತ್ತದೆ.

ಇದಕ್ಕೆ ಹೊಸ ಯೋಜನೆ, ಅನುದಾನ ಯಾವುದೂ ಬೇಡ. ಜಾಲತಾಣಗಳ ಟೆಂಡರ್ ಷರತ್ತಿನಲ್ಲಿ ಇವಿಷ್ಟನ್ನೂ ಬರೆಸಿ. ಕೊನೆಯ ಬಿಲ್ ಪಾವತಿಸುವ ಮುನ್ನ ಆ ಫಾರಂ ಅನ್ನು ಯಾವುದಾದರೂ ತಾಲ್ಲೂಕಿನ ಸೈಬರ್ ಸೆಂಟರ್‌ನಲ್ಲಿ, ನಿಜವಾದ ಅರ್ಜಿದಾರರ ಕೈಯಲ್ಲಿ ತುಂಬಿಸಿ, ತಮ್ಮ ಅಧಿಕಾರಿಗಳು ಪಕ್ಕದಲ್ಲಿ ಕೂತು ನೋಡಬೇಕೆಂದು ಆದೇಶಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವೆಬ್ ಡೆವಲಪರ್