ಹಳೆಯ ರೈಫಲ್‌ಗೆ ಇನ್ನು ಸ್ಕೋಪ್ ಕೂರಿಸುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಆಗಸ್ಟ್ 1ರಿಂದ ನಮ್ಮ ಅಂಗಡಿಯಲ್ಲಿ ಹಳೆಯ ರೈಫಲ್‌ಗಳ ಮೈಗೆ ತೂತು ಕೊರೆದು ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸುವ ಕೆಲಸ ನಿಲ್ಲಿಸುತ್ತಿದ್ದೇವೆ. .315 ರೈಫಲ್ ಆಗಲಿ, ತೋಟದ ದೊರೆಗಳ ಕಾಲದ ಮಾಸರ್ ರೈಫಲ್ ಆಗಲಿ, ಅದರ ಮೇಲೆ ಮೊದಲಿನಿಂದ ಇರುವ ಗುರಿ ಹಿಡಿಯುವ ಕಬ್ಬಿಣದ ಸೈಟನ್ನೇ ಸರಿಮಾಡಿ ಕೊಡುತ್ತೇವೆ. ಆ ಕೆಲಸದ ಕೂಲಿ 800 ರೂಪಾಯಿ ಇದ್ದದ್ದು 1,400 ಆಗುತ್ತದೆ. ಕೊಟ್ಟ ದಿನವೇ ಕೋವಿ ವಾಪಸ್ ಸಿಗುವುದಿಲ್ಲ, ಗುಂಡು ಹೊಡೆದು ನೋಡುವ ದಿನ ನೀವೇ ಜೊತೆಗೆ ಬರಬೇಕು.

ಈ ವಿಷಯ ಬಾಯಿಂದ ಬಾಯಿಗೆ ಹೋಗಿ ಏನೇನೋ ಆಗಿದೆ. ಅಂಗಡಿ ಮುಚ್ಚುತ್ತಿದ್ದಾರಂತೆ ಎಂದು ಗೋಣಿಕೊಪ್ಪದಿಂದ ಒಬ್ಬರು ಹುಡುಕಿಕೊಂಡು ಬಂದರು. ಮುಚ್ಚುತ್ತಿಲ್ಲ. ಅಪ್ಪ ಕೂರುತ್ತಿದ್ದ ಮಣೆ, ವೈಸ್, ಅರಗಳ ಪೆಟ್ಟಿಗೆ ಎಲ್ಲ ಅಲ್ಲೇ ಇವೆ, ನಾನೂ ಅಲ್ಲೇ ಇದ್ದೇನೆ.

ಮೊದಲು ದುಡ್ಡಿನ ಮಾತು, ಏಕೆಂದರೆ ಹೆಚ್ಚು ಬೈಸಿಕೊಂಡದ್ದು ಅದಕ್ಕೇ. ತೋಟೆಯ ಬೆಲೆ ಏರಿದ್ದಕ್ಕೆ ನಮ್ಮ ಕೌಂಟರಿನ ಮುಂದೆ ನಿಂತು ಕೋಪ ಮಾಡಿಕೊಳ್ಳುವವರು ವಾರಕ್ಕೆ ಇಬ್ಬರಾದರೂ ಇರುತ್ತಾರೆ. ನಾವು ತೋಟೆ ಮಾರುವುದೇ ಇಲ್ಲ, ಯಾವತ್ತೂ ಮಾರಿಲ್ಲ. ನಮ್ಮದು ರಿಪೇರಿ ಅಂಗಡಿ. ಸೈಟು ಸರಿಮಾಡಲು ಬೇಕಾಗುವ ತೋಟೆಯನ್ನೂ ನೀವೇ ತರಬೇಕು ಎನ್ನುವುದು ಜಿಪುಣತನದಿಂದಲ್ಲ. ನಿಮ್ಮ ಹೆಸರಿನಲ್ಲಿ ಲೆಕ್ಕ ಇರುವ ತೋಟೆ ನಿಮ್ಮ ಕೋವಿಯಲ್ಲೇ ಸಿಡಿಯಬೇಕು. ನಾವು ನಡುವೆ ಕೈ ಹಾಕಿದರೆ ನಾಳೆ ಲೆಕ್ಕ ತಪ್ಪುವುದು ನಿಮ್ಮದು.

ಎರಡನೆಯದು ತುಕ್ಕು. ಚುನಾವಣೆ ಬಂದಾಗ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡುತ್ತೀರಿ. 2023ರಲ್ಲಿ ವಿಧಾನಸಭೆ, ಮರುವರ್ಷವೇ ಲೋಕಸಭೆ. ನೂರಾರು ಕೋವಿ ಒಂದೇ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿದ್ದು ಬಂದರೆ ನಳಿಗೆಯ ಮೇಲೆ ಕೆಂಪು ಹುಡಿ ಕಾಣುವುದು ಸಹಜ. ಇಟ್ಟುಕೊಂಡವರನ್ನೂ ನಾನು ದೂರುವುದಿಲ್ಲ, ಅವರಿಗೂ ಜಾಗವಿಲ್ಲ. ಆದರೆ ಆ ತುಕ್ಕು ತೆಗೆಯಲು ಹಿಡಿದ ಎರಡು ದಿನದ ಕೂಲಿ ಕೇಳಿದಾಗ, ‘ನಿಮ್ಮ ಹತ್ತಿರ ಕೊಟ್ಟ ಮೇಲೆಯೇ ಹೀಗಾಯಿತು’ ಎಂದರೆ ಮನಸ್ಸಿಗೆ ತುಂಬ ನೋವಾಗುತ್ತದೆ. ಈಗ ಪ್ರತಿ ಕೋವಿಯನ್ನೂ ತೆಗೆದುಕೊಳ್ಳುವಾಗ ನಿಮ್ಮೆದುರೇ ಫೋಟೋ ತೆಗೆದು ಚೀಟಿಗೆ ಅಂಟಿಸುತ್ತೇವೆ. ದಯವಿಟ್ಟು ಇದನ್ನು ಅವಮಾನ ಎಂದುಕೊಳ್ಳಬೇಡಿ.

ಇನ್ನು ಕೂಲಿ ಏಕೆ ಹೆಚ್ಚಾಯಿತು ಎಂಬುದಕ್ಕೆ ಬರುತ್ತೇನೆ. ‘ನಿನ್ನ ಅಪ್ಪ ಕಾಫಿ ಕುಡಿದು ಮುಗಿಸುವುದರೊಳಗೆ ಸೈಟು ಮಾಡಿ ಕೊಡುತ್ತಿದ್ದ’ ಎನ್ನುತ್ತೀರಿ. ನಿಜ. ಆಗ ಅಂಗಡಿಯ ಹಿಂದಿನ ದರೆಗೆ ಕಾಗದ ಅಂಟಿಸಿ ಎರಡು ಗುಂಡು ಹೊಡೆದು ನೋಡುತ್ತಿದ್ದರು. ಈಗ ಆ ದರೆಯ ಮೇಲೆ ಮನೆಗಳಿವೆ. ಅನುಮತಿ ಇರುವ ರೇಂಜಿಗೇ ಹೋಗಬೇಕು, ಹೋಗಿಬರಲು ಅರ್ಧ ದಿನ ಬೇಕು.

ಕೆಲಸವೂ ಹೊರಗಿನಿಂದ ಕಾಣುವಷ್ಟು ಸಣ್ಣದಲ್ಲ. ಯುದ್ಧಕ್ಕೆಂದು ಮಾಡಿದ ಸೈಟು ದೂರಕ್ಕೆ ಹೊಂದಿಸಿದ್ದು. ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲ್‌ನ ಸೈಟಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಗುರುತೇ 200 ಗಜ. ಜರ್ಮನಿಯ 98ನೇ ಮಾದರಿಯ ಮಾಸರ್‌ನ ಹಳೆಯ ಸೈಟಿನಲ್ಲಿ ಅದು 400 ಮೀಟರ್. ಅದೇ ರೈಫಲ್ ಹಿಡಿದು 50 ಮೀಟರ್‌ಗೆ ಗುರಿಯಿಟ್ಟರೆ ಗುಂಡು ಮೇಲೆ ಹೋಗದೆ ಇನ್ನೇನಾಗುತ್ತದೆ? ಹಿಂದೆ ಶಿಕಾರಿಯವರು ಕಾಡಿನಲ್ಲಿ ನಲವತ್ತು ಐವತ್ತು ಹೆಜ್ಜೆಯಲ್ಲಿ ಪ್ರಾಣಿಯ ಎದೆಯ ಕೆಳಗೆ ಗುರಿ ಹಿಡಿಯುತ್ತಿದ್ದದ್ದು ಇದೇ ಕಾರಣಕ್ಕೆ. ಸರಿಯಾದ ಉಪಾಯವೆಂದರೆ ನಳಿಗೆಯ ತುದಿಯ ಮುಂದಿನ ಸೈಟನ್ನು, ಅಂದರೆ ಫೋರ್‌ಸೈಟನ್ನು, ಎತ್ತರ ಮಾಡುವುದು. ಎಷ್ಟು ಎತ್ತರ ಎಂಬುದಕ್ಕೆ ಲೆಕ್ಕವಿದೆ. ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ಅರ್ಧ ಮೀಟರ್ ಅಂತರವಿದ್ದು, 50 ಮೀಟರ್‌ನಲ್ಲಿ ಗುಂಡು 10 ಸೆಂಟಿಮೀಟರ್ ಮೇಲೆ ಬಿದ್ದರೆ, ಫೋರ್‌ಸೈಟ್ ಒಂದೇ ಒಂದು ಮಿಲಿಮೀಟರ್ ಏರಬೇಕು. ಉಕ್ಕಿನ ಪಟ್ಟಿಯಿಂದ ಹೊಸ ಬ್ಲೇಡನ್ನು ಸ್ವಲ್ಪ ಎತ್ತರವಾಗಿಯೇ ಕತ್ತರಿಸಿ ಕೂರಿಸುತ್ತೇನೆ. ರೇಂಜಿನಲ್ಲಿ ಮೂರು ಗುಂಡು, ಆಮೇಲೆ ಒಂದೆರಡು ಬಾರಿ ಅರ ಎಳೆಯುವುದು, ಮತ್ತೆ ಮೂರು ಗುಂಡು. ಒಂದು ಎಳೆತ ಹೆಚ್ಚಾದರೆ ಬ್ಲೇಡ್ ಬಿಸಾಡಿ ಹೊಸದಾಗಿ ಶುರು ಮಾಡಬೇಕು. ಅರ ತಿಂದದ್ದನ್ನು ವಾಪಸ್ ಅಂಟಿಸಲು ಬರುವುದಿಲ್ಲ.

ಆ ದಿನ ನೀವೇ ಬರಬೇಕು ಎನ್ನುವುದೂ ಇದಕ್ಕೇ. ಒಂದೇ ಕೋವಿಯನ್ನು ನಾನು ಹಿಡಿದರೆ ಒಂದು ಕಡೆ, ನೀವು ಹಿಡಿದರೆ ಇನ್ನೊಂದು ಕಡೆ ಬೀಳುತ್ತದೆ. ಕೆನ್ನೆ ಒತ್ತುವ ಬಗೆ, ಕಣ್ಣು, ಬೆರಳು ಎಳೆಯುವ ರೀತಿ ಒಬ್ಬೊಬ್ಬರದು ಒಂದೊಂದು. ನನ್ನ ಕಣ್ಣಿಗೆ ಹೊಂದಿಸಿದ ಕೋವಿಯನ್ನು ನಿಮಗೆ ಕೊಟ್ಟು 1,400 ರೂಪಾಯಿ ತೆಗೆದುಕೊಳ್ಳಲು ನನಗೆ ಮನಸ್ಸು ಒಪ್ಪುವುದಿಲ್ಲ.

ಈಗ ಎಲ್ಲರೂ ಹೇಳುವ ಆ ಒಂದು ದೂರು. ‘ಸ್ಕೋಪ್ ಹಾಕಲ್ಲ ಅಂದರೆ ನಮ್ಮಂಥ ವಯಸ್ಸಾದವರು ಏನು ಮಾಡಬೇಕು? ಕಣ್ಣೇ ಕಾಣದಿದ್ದರೆ ಕಬ್ಬಿಣದ ಸೈಟು ಕಟ್ಟಿಕೊಂಡು ಏನು ಪ್ರಯೋಜನ?’ ಸೈನ್ಯದಿಂದ ನಿವೃತ್ತರಾದ ಹಿರಿಯರೇ ಹೆಚ್ಚಾಗಿ ಇದನ್ನು ಕೇಳಿದ್ದಾರೆ. ಕೋಪದಿಂದ ಕೇಳಿದವರಿಗಿಂತ ಬೇಸರದಿಂದ ಕೇಳಿದವರೇ ಜಾಸ್ತಿ, ಅದಕ್ಕೇ ಬಿಡಿಸಿ ಬರೆಯುತ್ತೇನೆ.

ನಲವತ್ತೈದು ದಾಟಿದ ಮೇಲೆ ಕಣ್ಣಿನ ಮಸೂರ ಬಿಗಿಯಾಗುತ್ತದೆ. ದೂರದ ತೆಂಗಿನಕಾಯಿ ಚೆನ್ನಾಗಿ ಕಾಣುತ್ತದೆ, ನಳಿಗೆಯ ತುದಿಯ ಫೋರ್‌ಸೈಟ್ ಮಾತ್ರ ಎರಡಾಗಿ, ರೋಮ ಬಂದಂತೆ ಕಾಣುತ್ತದೆ. ಗುರಿ ಕಾಣುತ್ತಿಲ್ಲ ಎಂದು ನೀವು ಹೇಳುವಾಗ ನಿಜವಾಗಿ ಕಾಣದಿರುವುದು ಫೋರ್‌ಸೈಟ್. ಗುರಿ ಸ್ವಲ್ಪ ಮಂಜಾದರೂ ಪರವಾಗಿಲ್ಲ, ಫೋರ್‌ಸೈಟ್ ಚೂಪಾಗಿ ಕಾಣಲೇಬೇಕು ಎಂದು ನಿಮ್ಮ ರೆಜಿಮೆಂಟಿನ ಉಸ್ತಾದರು ಹೇಳಿಕೊಟ್ಟದ್ದು ನಿಮಗೇ ನೆನಪಿರಬಹುದು.

ಓದುವ ಕನ್ನಡಕ ಇದಕ್ಕೆ ಆಗುವುದಿಲ್ಲ. ಅದು ಪೇಪರ್ ಹಿಡಿಯುವ ದೂರಕ್ಕೆ, ಸುಮಾರು 40 ಸೆಂಟಿಮೀಟರಿಗೆ ಮಾಡಿದ್ದು. ಫೋರ್‌ಸೈಟ್ ಇರುವುದು ಅದರ ಎರಡರಷ್ಟು ದೂರದಲ್ಲಿ. ನಮ್ಮಲ್ಲಿ ಬನ್ನಿ, ಖಾಲಿ ಕೋವಿ ಭುಜಕ್ಕೇರಿಸಿ ನಿಲ್ಲಿ. ಕಣ್ಣಿನಿಂದ ಫೋರ್‌ಸೈಟಿಗೆ ಎಷ್ಟು ಎಂದು ಟೇಪ್ ಹಿಡಿದು ಅಳೆದು ಚೀಟಿಯಲ್ಲಿ ಬರೆದುಕೊಡುತ್ತೇವೆ. ಆ ಚೀಟಿಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ, ಈ ದೂರಕ್ಕೆ ಒಂದು ಕನ್ನಡಕ ಬೇಕು ಎಂದರೆ ಅವರಿಗೆ ಅರ್ಥವಾಗುತ್ತದೆ. ಅಳೆದು ಕೊಡುವುದಕ್ಕೆ ದುಡ್ಡಿಲ್ಲ. ಪೊರೆ ಬಂದಿದ್ದರೆ ಮಾತ್ರ ಮೊದಲು ಅದರ ಚಿಕಿತ್ಸೆ ಆಗಲಿ, ಕೋವಿ ಕಾಯುತ್ತದೆ.

ಇನ್ನೊಂದು ದಾರಿ ತೂತಿನ ಸೈಟು. ಹಿಂದಿನ ಸೈಟು ಕಣ್ಣಿಗೆ ಹತ್ತಿರವಿದ್ದು, ನಡುವೆ ಸಣ್ಣ ರಂಧ್ರವಿರುತ್ತದೆ. ಆ ರಂಧ್ರದಲ್ಲಿ ನೋಡಿದರೆ ಫೋರ್‌ಸೈಟೂ ಗುರಿಯೂ ಒಟ್ಟಿಗೆ ಸ್ವಚ್ಛವಾಗುತ್ತವೆ. ಕನ್ನಡಕ ತೆಗೆದು, ಕಾಗದದಲ್ಲಿ ಸೂಜಿಯಿಂದ ಒಂದು ತೂತು ಮಾಡಿ ಅದರ ಮೂಲಕ ಕ್ಯಾಲೆಂಡರ್ ನೋಡಿ, ಈಗಲೇ ಗೊತ್ತಾಗುತ್ತದೆ. ಬ್ರಿಟಿಷ್ ಸೈನ್ಯವೇ ಈ ಬದಲಾವಣೆ ಮಾಡಿಕೊಂಡಿತು. ಮೊದಲನೇ ಮಹಾಯುದ್ಧದ ಲೀ-ಎನ್‌ಫೀಲ್ಡ್‌ನಲ್ಲಿ ಸೀಳು ಸೈಟು ನಳಿಗೆಯ ಮೇಲೆ ಮುಂದೆ ಇತ್ತು, ಎರಡು ಸೈಟುಗಳ ಅಂತರ ಸುಮಾರು 19 ಇಂಚು. ಎರಡನೇ ಯುದ್ಧದ ನಾಲ್ಕನೇ ನಂಬರ್ ರೈಫಲ್‌ನಲ್ಲಿ ತೂತಿನ ಸೈಟನ್ನು ಹಿಂದಕ್ಕೆ ತಂದು ಅಂತರವನ್ನು 28 ಇಂಚಿನ ಮೇಲಕ್ಕೆ ಒಯ್ದರು. ಮೊದಲಿನಿಂದ ಇರುವ ಸ್ಕ್ರೂ ತೂತಿಗೇ ಇಂಥ ಸೈಟು ಕೂರುವ ರೈಫಲ್ ನಿಮ್ಮದಾದರೆ ಖಂಡಿತ ಮಾಡಿಕೊಡುತ್ತೇವೆ. ಹೊಸದಾಗಿ ಕೊರೆಯುವುದಿಲ್ಲ, ಅಷ್ಟೆ.

ಕೊರೆಯುವುದಿಲ್ಲ ಎಂಬ ಹಠ ಎಲ್ಲಿಂದ ಬಂತು ಎಂದು ಹೇಳಬೇಕು. ಕೆಲವು ವರ್ಷಗಳ ಹಿಂದೆ ಹಿರಿಯರೊಬ್ಬರು ತಮ್ಮ ತಂದೆಯ ಮಾಸರ್ ತಂದುಕೊಟ್ಟರು. ಮಗ ಬೆಂಗಳೂರಿನಿಂದ ಸ್ಕೋಪ್ ತಂದಿದ್ದ. ಮಾಸರ್‌ನ ಉಕ್ಕಿನ ಮೇಲ್ಮೈಯನ್ನು ಕಾರ್ಖಾನೆಯಲ್ಲೇ ಗಟ್ಟಿ ಮಾಡಿರುತ್ತಾರೆ. ನಾನು ಹಾಕಿದ ಡ್ರಿಲ್ ಮೊದಲು ಜಾರಿತು, ಒತ್ತಿದಾಗ ಒಳಗೇ ಮುರಿಯಿತು. ಆ ಚೂರು ತೆಗೆಯಲು ಎರಡು ದಿನ ಬೇಕಾಯಿತು. ತೂತು ನಂಬರಿನ ಕೊನೆಯ ಅಂಕಿಯಿಂದ ಒಂದು ಅಕ್ಕಿಕಾಳಿನಷ್ಟು ದೂರದಲ್ಲಿತ್ತು. ಕೋವಿಯ ಮೇಲಿನ ನಂಬರನ್ನು ಅಳಿಸುವುದು, ತಿದ್ದುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. ಅದನ್ನು ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ. ಇಷ್ಟಾದ ಮೇಲೂ ತೋಟೆ ತುಂಬುವ ಬೋಲ್ಟಿನ ನೇರ ಹಿಡಿ ಮೇಲೆತ್ತಿದರೆ ಸ್ಕೋಪಿಗೆ ತಾಗುತ್ತಿತ್ತು, ಅದನ್ನೂ ಕತ್ತರಿಸಿ ಬಗ್ಗಿಸಿ ಬೆಸೆಯಬೇಕಾಯಿತು. ಹಿರಿಯರು ಬಂದು ಭುಜಕ್ಕಿಟ್ಟರು. ಕೆನ್ನೆ ಕೋವಿಯ ಮರಕ್ಕೆ ಕೂರಲೇ ಇಲ್ಲ. ಆ ಮರವನ್ನು ಕೆತ್ತಿದ್ದೇ ತಗ್ಗಿನಲ್ಲಿರುವ ಕಬ್ಬಿಣದ ಸೈಟಿಗೆ. ಸ್ಕೋಪ್ ಎರಡು ಬೆರಳು ಮೇಲೆ ಕೂತರೆ ತಲೆ ಗಾಳಿಯಲ್ಲಿ ನಿಲ್ಲುತ್ತದೆ. ಅವರು ಒಂದು ಮಾತೂ ಆಡದೆ ದುಡ್ಡು ಎಣಿಸಿಟ್ಟು ಹೋದರು. ಮಾಮ, ನೀವು ಇದನ್ನು ಓದುತ್ತಿದ್ದರೆ, ಅದು ನನ್ನ ತಪ್ಪು. ಕೋವಿ ತನ್ನಿ. ಆ ತೂತುಗಳಿಗೆ ಸ್ಕ್ರೂ ತುಂಬಿ, ಮಟ್ಟ ಮಾಡಿ, ಹಳೆಯ ಸೈಟು ವಾಪಸ್ ಕೂರಿಸಿ ಕೊಡುತ್ತೇನೆ. ದುಡ್ಡು ಬೇಡ. ನಮ್ಮಲ್ಲೇ ಕೊರೆಸಿಕೊಂಡ ಬೇರೆಯವರಿಗೂ ಇದೇ ಮಾತು.

.315 ಇರುವವರು ‘ಇದು ಸೈನ್ಯದ್ದಲ್ಲವಲ್ಲ, ಕೊರೆದರೇನು’ ಎನ್ನುತ್ತಾರೆ. ಸೈನ್ಯದ .303 ತೋಟೆ ಜನರ ಕೈಗೆ ಸಿಗಬಾರದು ಎಂದು ಬ್ರಿಟಿಷರು ತಡೆದದ್ದರಿಂದಲೇ .315 ನಮ್ಮಲ್ಲಿ ಬಳಕೆಗೆ ಬಂತು. ತೋಟೆ ಬೇರೆ, ಮೈ ಮಾತ್ರ ಲೀ-ಎನ್‌ಫೀಲ್ಡ್‌ನದೇ, ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ಆದದ್ದು. ಅದರ ಬೋಲ್ಟಿನ ಬೀಗ ಇರುವುದು ಹಿಂದೆ, ಸಿಡಿತದ ಹೊಡೆತವನ್ನೆಲ್ಲ ಹಿಂಭಾಗವೇ ತಡೆಯಬೇಕು. ಅಲ್ಲಿ ತೂತು ಮಾಡಿ ನಿಮ್ಮ ಮುಖದ ಹತ್ತಿರ ಹಿಡಿಯಲು ಕೊಡಲಾರೆ.

ಫ್ಯಾಕ್ಟರಿಯಿಂದಲೇ ಸ್ಕೋಪ್ ಕೂರಿಸುವ ತೋಡು ಬಂದಿರುವ .22 ಮತ್ತು ಏರ್ ರೈಫಲ್‌ಗಳಿಗೆ ಈಗಲೂ ಸ್ಕೋಪ್ ಹಾಕಿ ಹೊಂದಿಸಿ ಕೊಡುತ್ತೇವೆ. ಅದಕ್ಕೆ ಕೊರೆಯುವುದೇನೂ ಇಲ್ಲ, ಕೂಲಿಯೂ ಮೊದಲಿನದೇ. ತೋಟೆ ಕೋವಿಯ ಮೂತಿಯಲ್ಲಿ ಗುರಿಗೆ ಇರುವ ಹಿತ್ತಾಳೆ ಮಣಿ ಬಿದ್ದುಹೋಗಿದ್ದರೆ ಅದನ್ನು ಕಾದು ನಿಂತಾಗಲೇ ಹಾಕಿಕೊಡುತ್ತೇವೆ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಶಿಕಾರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈಗ ನಿಷೇಧವಿದೆ. ಅಜ್ಜಂದಿರ ಕಥೆ ಎಷ್ಟು ಬೇಕಾದರೂ ಹೇಳಿ, ನನಗೂ ಕೇಳಲು ಇಷ್ಟ. ಆದರೆ ಈಗ ಬೇಟೆಗೆ ಎಂದು ಬಾಯಿಬಿಟ್ಟು ತಂದ ಕೋವಿಯನ್ನು ಒಳಗೆ ತೆಗೆದುಕೊಳ್ಳುವುದಿಲ್ಲ, ಯಾರೇ ಆಗಲಿ. ನಳಿಗೆ ಕತ್ತರಿಸಿ ಗಿಡ್ಡ ಮಾಡಿಕೊಡಿ ಎಂದೂ ಕೇಳಬೇಡಿ.

ಕಾಗದದ ವಿಷಯ: ಲೈಸೆನ್ಸ್ ಅಥವಾ ಕೊಡವರಿಗೂ ಜಮ್ಮಾ ಜಮೀನಿನವರಿಗೂ ಲೈಸೆನ್ಸ್ ಬೇಡ ಎನ್ನುವ ವಿನಾಯಿತಿ ಪತ್ರ, ಎರಡರಲ್ಲಿ ಯಾವುದಿದೆಯೋ ಅದರ ಮೂಲ ಪ್ರತಿ ತನ್ನಿ, ಜೆರಾಕ್ಸ್ ಸಾಲದು. ‘ನಮಗೆ 2029ರವರೆಗೆ ವಿನಾಯಿತಿ ಇದೆಯಲ್ಲ, ಮತ್ತೇಕೆ ಕಾಗದ’ ಎಂದು ಕೇಳುವವರಿದ್ದಾರೆ. ವಿನಾಯಿತಿ ನಿಮಗಿದೆ, ನನಗಿಲ್ಲ. ನನ್ನ ರಿಜಿಸ್ಟರಿನಲ್ಲಿ ಪ್ರತಿ ಕೋವಿಯ ಎದುರು ಒಂದು ಕಾಗದ ಇರಲೇಬೇಕು.

ಈ ಸಲ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ಮನೆಯಲ್ಲಿರಬೇಕಾದರೆ ಆಗಸ್ಟ್ 10ರೊಳಗೆ ತಂದುಕೊಡಿ. ಆಮೇಲೆ ಬಂದದ್ದನ್ನು ಎಣ್ಣೆ ಹಾಕಿ ಒರೆಸಿ ಕೊಡಬಲ್ಲೆ, ಸೈಟಿನ ಕೆಲಸ ಆಗುವುದಿಲ್ಲ. ಮಳೆಯಲ್ಲಿ ಕೋವಿಯ ಮರ ನೀರು ಕುಡಿದು ಉಬ್ಬಿರುತ್ತದೆ, ಉಬ್ಬಿದ ಮರ ನಳಿಗೆಯನ್ನು ಒಂದು ಕಡೆಗೆ ತಳ್ಳುತ್ತದೆ. ಅದನ್ನು ಒಣಗಿಸದೆ ಸೈಟು ಹೊಂದಿಸಿದರೆ ಡಿಸೆಂಬರಿಗೆ ಮತ್ತೆ ತಪ್ಪುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಕೋವಿಯನ್ನು ಬಟ್ಟೆಯ ಚೀಲದೊಳಗೆ ಇಡಬೇಡಿ, ತೇವ ಹಿಡಿಯುತ್ತದೆ. ಬೀಗ ಹಾಕಿದ ಕಪಾಟಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ. ಎಣ್ಣೆ ಮರಕ್ಕೆ ಇಳಿಯುವುದಿಲ್ಲ.

ಹಬ್ಬದ ಹಿಂದಿನ ದಿನ ರಾತ್ರಿ ಎಂಟರವರೆಗೂ ಅಂಗಡಿ ತೆರೆದಿರುತ್ತದೆ. ಸಿದ್ಧವಾದ ಪ್ರತಿ ಕೋವಿಯನ್ನೂ ನಾನೇ ನಿಮ್ಮ ಕೈಗೆ ಕೊಡುತ್ತೇನೆ, ಹುಡುಗರ ಕೈಯಲ್ಲಿ ಕಳಿಸುವುದಿಲ್ಲ. ಭುಜಕ್ಕಿಟ್ಟು ನೋಡಿ, ಫೋರ್‌ಸೈಟ್ ಚೂಪಾಗಿ ಕಂಡರೆ ಮಾತ್ರ ದುಡ್ಡು ಕೊಡಿ.

ಇಂತಿ ನಿಮ್ಮವ,
ಅಂಗಡಿಯ ಪರವಾಗಿ