ಐದು, ಆರು ತಿಂಗಳಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಗರ್ಭಿಣಿಯರ ಗುಂಪಿನಲ್ಲಿ ಈಗ ಐದು, ಆರು ತಿಂಗಳಿನವರೇ ಜಾಸ್ತಿ. ಮನಸ್ಸಿನಲ್ಲಿ ಏನೇ ಕೊರೆಯುತ್ತಿದ್ದರೂ ಇಲ್ಲಿ ಹೇಳಿ. ಎದೆಯುರಿ, ರಾತ್ರಿ ಮೀನಖಂಡ ಹಿಡಿದುಕೊಳ್ಳೋದು, ಸುಮ್ನೆ ಬರುವ ಅಳು, ಯಾವುದಕ್ಕೂ ಸಂಕೋಚ ಬೇಡ.

"ಮಗು ಇನ್ನೂ ಒದೆಯುತ್ತಿಲ್ಲ" ಅನ್ನೋ ಭಯವೇ ಹೆಚ್ಚು ಕಾಣುತ್ತಿದೆ. ಚೊಚ್ಚಲ ಬಸಿರಿನಲ್ಲಿ 20 ವಾರದ ಆಸುಪಾಸು ಗೊತ್ತಾಗುವುದು ಸಾಮಾನ್ಯ, ಅದೂ ಮೊದಮೊದಲು ಒದೆತವಲ್ಲ, ಒಳಗೆ ಗುಳ್ಳೆ ಎದ್ದ ಹಾಗೆ ಇರುತ್ತದೆ, ಗ್ಯಾಸ್ ಅಂದುಕೊಂಡು ಬಿಟ್ಟುಬಿಡುತ್ತೇವೆ. 24 ವಾರವಾದರೂ ಗೊತ್ತಾಗದಿದ್ದರೆ, ಅಥವಾ ಇದ್ದ ಅಲುಗಾಟ ಕಮ್ಮಿಯಾದರೆ, ಇಲ್ಲಿ ಕೇಳುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ರಕ್ತ ಅಥವಾ ನೀರು ಹೋದರೆ, ತಲೆನೋವು ಜೋರಾಗಿ ಕಣ್ಣು ಮಂಜಾದರೂ ಅಷ್ಟೇ. ಮೂಡಿಗೆರೆ, ಕೊಪ್ಪ ಕಡೆ ತೋಟದ ಒಳಗಿರುವವರು ಮಳೆಗಾಲದಲ್ಲಿ ನೆಟ್‌ವರ್ಕ್ ನಂಬಬೇಡಿ. 108ರ ಜೊತೆಗೆ ಊರಿನ ಜೀಪಿನವರ ನಂಬರನ್ನೂ ಬರೆದು ಗೋಡೆಗೆ ಅಂಟಿಸಿ, ಅವರಿಗೂ ಮೊದಲೇ ಒಂದು ಮಾತು ಹೇಳಿಡಿ.

ಚಿಕ್ಕಮಗಳೂರಿನಲ್ಲಿ ಕಾಫಿ ಬಿಡಿ ಅಂದರೆ ಯಾರು ಕೇಳುತ್ತಾರೆ! ದಿನಕ್ಕೆ ಒಂದೆರಡು ಸಣ್ಣ ಲೋಟ ಪರವಾಗಿಲ್ಲ. ಆದರೆ ಐರನ್ ಮಾತ್ರೆಗೂ ಕಾಫಿಗೂ ಒಂದು ಗಂಟೆಯಾದರೂ ಅಂತರ ಇರಲಿ, ಕ್ಯಾಲ್ಸಿಯಂ ಬೇರೆ ಹೊತ್ತಿಗೆ. ಮಲ ಕಪ್ಪಗಾದರೆ ಗಾಬರಿ ಬೇಡ, ಅದು ಮಾತ್ರೆಯದ್ದೇ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ಇರುತ್ತದೆ, ತಾಯಿ ಕಾರ್ಡ್ ಮರೆಯಬೇಡಿ.

ಸ್ಕ್ಯಾನ್ ರಿಪೋರ್ಟ್ ಹಾಕುವಾಗ ಹೆಸರು, ಫೋನ್ ನಂಬರ್ ಮುಚ್ಚಿ ಹಾಕಿ. ಹೊಟ್ಟೆ ನೋಡಿ ಗಂಡೋ ಹೆಣ್ಣೋ ಅಂತ ಊಹಿಸುವ ಮೆಸೇಜ್ ಬಂದರೆ ಕೇಳದೇ ಅಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.